ಲ್ಯಾಬ್ ಮಷೀನಲ್ಲಿ ಜಿಸಿಸಿ 14 (ಸಿ++ ಕಂಪೈಲರ್) ಸೋರ್ಸ್‌ನಿಂದ ಬಿಲ್ಡ್ ಮಾಡ್ತಿದೀನಿ, ರೂಟ್ ಇಲ್ಲ, ಮೇಕ್ ಪದೇ ಪದೇ ಮೊದಲಿಂದ ಶುರುವಾಗ್ತೈತೆ

ಭಟ್ಟಿಮನೆ_ಹುಡುಗ

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆ, ಬಿಇ 5ನೇ ಸೆಮ್. ಸಂಜೆ ಹೊತ್ತು ನಮ್ಮನೆಗೆ ಬಿಸಿಎ ಫಸ್ಟ್ ಇಯರ್ ಹುಡುಗ್ರು 6 ಜನ ಬರ್ತಾರೆ, ಸಿ++ ಹೇಳ್ಕೊಡ್ತೀನಿ. ಎಲ್ರೂ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಮ್ಮು. ಲೂಪು ಕಂಡೀಶನ್ನು ಎಲ್ಲಾ ಬಾಯಲ್ಲಿ ಕೇಳಿದ್ರೆ ಸರಿಯಾಗೇ ಹೇಳ್ತಾರೆ, ಬೋರ್ಡ್ ಮೇಲೆ ಇಂಗ್ಲಿಷ್ ಹೆಸ್ರು ಬಂದ ತಕ್ಷಣ ಸುಮ್ನಾಗ್ತಾರೆ. ಮೊನ್ನೆ ಒಬ್ಳು ಹುಡುಗಿ "ಅಣ್ಣಾ, ಟೋಟಲ್ ಅಂತ ಬರೆಯೋ ಬದ್ಲು ಮೊತ್ತ ಅಂತ ಕನ್ನಡದಾಗೇ ಬರೆದ್ರೆ ನಡೆಯಲ್ವಾ" ಅಂದ್ಲು. ನಡೆಯುತ್ತೇನೋ ನೋಡೋಣ ಅಂತ ಕಾಲೇಜ್ ಲ್ಯಾಬಲ್ಲಿ ಬರೆದು ಕಂಪೈಲ್ (ಕೋಡನ್ನ ಮಷೀನ್ ಭಾಷೆಗೆ ಬದಲಾಯಿಸೋದು) ಮಾಡಿದೆ. ಸ್ಟ್ರೇ 340 ಇನ್ ಪ್ರೋಗ್ರಾಮ್ (ಕೋಡಲ್ಲಿ ಅರ್ಥವಾಗದ ಬೈಟ್ ಐತೆ ಅಂತ), ಸ್ಟ್ರೇ 262, ಸ್ಟ್ರೇ 256 ಅಂತ ಹಿಂಗೇ ಬರ್ತಾ ಹೋಯ್ತು, ಎಣಿಸಿದೆ, ಒಂದು "ಮೊತ್ತ" ಅನ್ನೋ ಪದಕ್ಕೆ 15 ಎರರ್.

ಲ್ಯಾಬಲ್ಲಿರೋದು ಉಬುಂಟು 18.04, ಜಿಸಿಸಿ 7.5. ಓದಿ ನೋಡಿದಾಗ ಜಿಸಿಸಿ 10ರಿಂದ ಈಚೆಗೆ ವೇರಿಯಬಲ್ ಹೆಸರನ್ನ ಯುಟಿಎಫ್-8ನಲ್ಲಿ (ಕನ್ನಡದಂಥ ಅಕ್ಷರಗಳನ್ನೂ ಬೈಟುಗಳಾಗಿ ಇಡೋ ಪದ್ಧತಿ) ನೇರವಾಗಿ ಬರೀಬೋದು ಅಂತ ಗೊತ್ತಾಯ್ತು. ಹೆಂಗಿದ್ರೂ ಹಾಕೋದು ಹಾಕ್ತೀನಿ, ಸಿ++23ದ ಪ್ರಿಂಟ್ ಕೂಡ ಸಿಗ್ಲಿ ಅಂತ 14.2ರ ಸೋರ್ಸ್ (ಮೂಲ ಕೋಡ್) ಇಳಿಸ್ಕೊಂಡೆ. ನನಗೆ ರೂಟ್ (ಅಡ್ಮಿನ್) ಪರ್ಮಿಶನ್ ಇಲ್ಲ. ಮೂರು ದಿನದಿಂದ ಒದ್ದಾಡ್ತಿದೀನಿ. ಮೇಕ್ (ಫೈಲುಗಳನ್ನ ಒಂದೊಂದಾಗಿ ಕಂಪೈಲ್ ಮಾಡಿಸೋ ಪ್ರೋಗ್ರಾಮ್) ಕೊಟ್ರೆ ಕೊನೇಗೆ ಬರೋದು ಇಷ್ಟೇ: ಮೇಕ್, ಆಲ್, ಎರರ್ 2. ಮತ್ತೆ ಮೇಕ್ ಕೊಟ್ರೆ ಆಗಿದ್ದ ಕೆಲ್ಸಾನೂ ಮೊದಲಿಂದ ಮಾಡ್ತೈತೆ. ಯಾರಾದ್ರೂ ದಾರಿ ತೋರ್ಸಿ.

ಪಿಬಿರೋಡ್_ಕೋಡರ್

ತಮ್ಮಾ, ಎರರ್ 2 ಅನ್ನೋದು ಎರರ್ರೇ ಅಲ್ಲ. ಒಳಗಡೆ ಎಲ್ಲೋ ಒಂದು ಫೈಲ್ ಬಿದ್ದಿರುತ್ತೆ, ಅದನ್ನ ಕರೆದಿದ್ದ ಮೇಕ್ ತನ್ನ ಮೇಲಿನ ಮೇಕ್‌ಗೆ ಹೇಳುತ್ತೆ, ಅದು ಅದರ ಮೇಲಿನದಕ್ಕೆ, ಹಂಗೆ ಮೇಲೆ ಬರ್ತಾ ಬರ್ತಾ ನಿನಗೆ ಕಾಣೋದು ಬರೀ ಕೊನೇ ಸಾಲು. ಅದರಲ್ಲೂ ಒಂದೇ ಸಲ ನಾಲ್ಕೆಂಟು ಜಾಬ್ ಓಡಿಸ್ತಿದ್ರೆ ನಿಜವಾದ ಎರರ್ ಬಂದ ಮೇಲೂ ಬೇರೆ ಜಾಬ್‌ಗಳು ಮುಗಿಯೋ ತನಕ ಇನ್ನೂರು ಸಾಲು ಓಡಿಹೋಗಿರುತ್ತೆ. ಔಟ್‌ಪುಟ್ ಪೂರ್ತಿ ಒಂದು ಫೈಲಿಗೆ ಬರೆಸು, ಆಮೇಲೆ ಮೇಲಿಂದ ಕೆಳಗೆ ಹುಡುಕು, ಎರರ್ ಅಂತ ಮೊದಲನೇ ಸಲ ಎಲ್ಲಿ ಬಂತೋ ಅದನ್ನ ಇಲ್ಲಿ ಹಾಕು. ಕಾನ್ಫಿಗರ್ (ಬಿಲ್ಡಿಗೆ ಮುಂಚೆ ಸಿದ್ಧತೆ ಮಾಡೋ ಸ್ಕ್ರಿಪ್ಟ್) ಎಲ್ಲಿ ನಿಂತು ಕೊಟ್ಟೆ, ಏನೇನು ಆಪ್ಷನ್ ಕೊಟ್ಟೆ, ಎಷ್ಟು ಜಾಬ್ ಕೊಟ್ಟೆ, ಮಷೀನಲ್ಲಿ ಎಷ್ಟು ರ್ಯಾಮ್ ಐತೆ, ಇಷ್ಟೂ ಹೇಳು.

ಭಟ್ಟಿಮನೆ_ಹುಡುಗ

ಅಣ್ಣ, 4 ಕೋರ್, 4 ಜಿಬಿ ರ್ಯಾಮ್. ಒಂದು ವಿಡಿಯೋದಲ್ಲಿ ಜೆ8 (ಒಂದೇ ಸಲ 8 ಜಾಬ್) ಕೊಡಿ ಬೇಗ ಆಗುತ್ತೆ ಅಂದಿದ್ರು, ಅದನ್ನೇ ಕೊಟ್ಟೆ. ಕಾನ್ಫಿಗರನ್ನ ಸೋರ್ಸ್ ಫೋಲ್ಡರ್ ಒಳಗೇ ನಿಂತು ಓಡಿಸಿದೆ. ಮೊದಲು ಜಿಎಂಪಿ, ಎಂಪಿಎಫ್ಆರ್, ಎಂಪಿಸಿ ಅನ್ನೋ ಗಣಿತದ ಲೈಬ್ರರಿ ಬೇಕು ಅಂತ ನಿಂತಿತ್ತು, ಅದನ್ನ ಸೋರ್ಸ್ ಜೊತೆಗೇ ಇರೋ ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್ ಸ್ಕ್ರಿಪ್ಟಿಂದ ತರಿಸ್ಕೊಂಡೆ. ಆಮೇಲೆ 32 ಬಿಟ್ ಲೈಬ್ರರಿ ಇಲ್ಲ ಅಂತು, ಅದೇ ಮೆಸೇಜಲ್ಲಿ ಡಿಸೇಬಲ್ ಮಲ್ಟಿಲಿಬ್ ಕೊಡು ಅಂತ ಇತ್ತು, ಕೊಟ್ಟೆ. ಈಗ ಲಾಗ್ ಮೇಲಿಂದ ಹುಡುಕಿದೆ, ಮೊದಲ ಎರರ್ ಇದು: ಫೇಟಲ್ ಎರರ್, ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಮ್ ಸಿಸಿ1ಪ್ಲಸ್.

ಕೋಟೆಬಾಗಿಲು

ಚಿತ್ರದುರ್ಗದಿಂದ ಬರೀತಿದೀನಿ. ನಾನು ಎಂಬೆಡೆಡ್ ಕೆಲಸ ಮಾಡೋಳು, ವರ್ಷಕ್ಕೆ ಐದಾರು ಸಲ ಆದ್ರೂ ಕ್ರಾಸ್ ಕಂಪೈಲರ್ ಸೋರ್ಸಿಂದ ಕಟ್ತೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಕಿಲ್ಡ್ ಅಂತ ಬಂದಿರೋದು ನಿನ್ನ ತಪ್ಪಿಂದ ಅಲ್ಲ, ಜಿಸಿಸಿ ಕೋಡ್ ತಪ್ಪಿಂದಾನೂ ಅಲ್ಲ. ಸಿಸಿ1ಪ್ಲಸ್ ಅಂದ್ರೆ ಸಿ++ ಓದಿ ಅಸೆಂಬ್ಲಿ ಮಾಡೋ ನಿಜವಾದ ಕಂಪೈಲರ್, ನಾವು ಜಿ++ ಅಂತ ಕರೆಯೋದು ಅದರ ಮೇಲ್ವಿಚಾರಕ ಅಷ್ಟೇ. ದೊಡ್ಡ ಫೈಲ್ ಸಿಕ್ಕಾಗ ಒಂದೊಂದು ಸಿಸಿ1ಪ್ಲಸ್ಸೂ ಒಂದು ಜಿಬಿ ಹತ್ರ ತಿನ್ನುತ್ತೆ, ಎಂಟು ಒಟ್ಟಿಗೆ ಎದ್ರೆ 4 ಜಿಬಿ ಎಲ್ಲಿಗೆ ಸಾಕು. ಮೆಮೊರಿ ಖಾಲಿಯಾದಾಗ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಅದರಲ್ಲಿ ಒಂದನ್ನ ಆರಿಸಿ ಕೊಲ್ಲುತ್ತೆ. ಜೆ2 ಕೊಡು. ಹೊತ್ತು ಹಿಡಿಯುತ್ತೆ, ಆದ್ರೆ ನಡೆಯುತ್ತೆ.

ಆ ದೊಡ್ಡ ಫೈಲ್‌ಗಳು ಎಲ್ಲಿಂದ ಬರ್ತಾವೆ ಅನ್ನೋದನ್ನ ಒಂದ್ಸಲ ನೋಡು, ನನಗೆ ಜಿಸಿಸಿಲಿ ಬಹಳ ಇಷ್ಟವಾದ ಜಾಗ ಅದು. ಸೋರ್ಸಲ್ಲಿ ಕಾನ್ಫಿಗ್ ಫೋಲ್ಡರ್ ಒಳಗೆ ಐ386 ಅಂತ ಐತೆ, ಅದರಲ್ಲಿ ಮಷೀನ್ ಡಿಸ್ಕ್ರಿಪ್ಷನ್ ಫೈಲು, ಪ್ರೊಸೆಸರ್‌ಗೆ ಯಾವ್ಯಾವ ಸೂಚನೆ ಐತೆ, ಕೂಡೋದು ಹೆಂಗೆ, ಕಳೆಯೋದು ಹೆಂಗೆ ಅಂತ ಲಿಸ್ಪ್ ಥರ ಆವರಣದೊಳಗೆ ಆವರಣ ಹಾಕಿ ಬರೆದಿರ್ತಾರೆ. ಮೇಕ್ ಮೊದಲು ಸಣ್ಣ ಸಣ್ಣ ಪ್ರೋಗ್ರಾಮ್‌ಗಳನ್ನ ಕಟ್ಟುತ್ತೆ, ಅವು ಆ ಫೈಲ್ ಓದಿ ಸಾವಿರಗಟ್ಲೆ ಸಾಲಿನ ಸಿ++ ಬರೀತಾವೆ, ಆಮೇಲೆ ಆ ಸಿ++ನ ಕಂಪೈಲ್ ಮಾಡ್ತಾರೆ. ಮನುಷ್ಯ ಕೈಯಾರೆ ಬರೆದಿದ್ದಲ್ಲ ಅದು, ಅದಕ್ಕೇ ಅಷ್ಟು ದೊಡ್ಡದು, ಅಲ್ಲೇ ಮೆಮೊರಿ ಏರೋದು.

ಇನ್ನೊಂದು, ಸೋರ್ಸ್ ಫೋಲ್ಡರ್ ಒಳಗೆ ನಿಂತು ಯಾವತ್ತೂ ಕಟ್ಟಬೇಡ. ಜಿಸಿಸಿಯವರೇ ಬೇಡ ಅಂತಾರೆ. ಈಗ ಇರೋದನ್ನ ಅಳಿಸಿ ಟಾರ್ (ಇಳಿಸ್ಕೊಂಡ ಸೋರ್ಸಿನ ಗಂಟು) ಮತ್ತೆ ಬಿಚ್ಚು, ಪಕ್ಕದಲ್ಲಿ ಬಿಲ್ಡ್ ಅಂತ ಖಾಲಿ ಫೋಲ್ಡರ್ ಮಾಡು, ಅಲ್ಲಿ ನಿಂತು ಸೋರ್ಸಿನ ಕಾನ್ಫಿಗರನ್ನ ಅದರ ಪೂರ್ತಿ ದಾರಿ ಕೊಟ್ಟು ಕರಿ. ಇನ್‌ಸ್ಟಾಲ್ ಆಗೋಕೆ ಪ್ರಿಫಿಕ್ಸ್ ಅಂತ ನಿನ್ನ ಹೋಮ್ ಒಳಗಿನ ಒಂದು ಜಾಗ ಕೊಡು, ಆಗ ರೂಟ್ ಬೇಕೇ ಆಗಲ್ಲ. ಭಾಷೆಗಳಲ್ಲಿ ಸಿ ಮತ್ತೆ ಸಿ++ ಎರಡೇ ಸಾಕು, ಇಲ್ದಿದ್ರೆ ಫೋರ್‌ಟ್ರಾನ್ ಎಲ್ಲಾ ಕಟ್ಕೊಂಡು ಕೂರುತ್ತೆ. ಡಿಸ್ಕಲ್ಲಿ 10 ಜಿಬಿ ಖಾಲಿ ಇರ್ಲಿ. ಸ್ಕ್ರೀನ್ ಅಥವಾ ಟಿಮಕ್ಸ್ ಒಳಗೆ ಓಡಿಸು, ಲಾಗೌಟ್ ಆದ್ರೂ ನಿಲ್ಲಲ್ಲ.

ಸುಮ್ನೆ_ಕೇಳ್ದೆ

ಒಂದು ಮಾತು. ಇಷ್ಟು ಕಷ್ಟ ಯಾಕೆ? ರೂಟ್ ಇಲ್ದೆನೂ ಕೊಂಡಾ ಅನ್ನೋ ಪ್ಯಾಕೇಜ್ ಮ್ಯಾನೇಜರಿಂದ ರೆಡಿ ಜಿಸಿಸಿ ಹೋಮ್ ಒಳಗೇ ಹಾಕ್ಕೋಬೋದು, ಹತ್ತು ನಿಮಿಷದ ಕೆಲಸ. ಹುಡುಗ್ರಿಗೆ ಪಾಠ ಮಾಡೋದು ಮುಖ್ಯ ಅಲ್ವಾ.

ಭಟ್ಟಿಮನೆ_ಹುಡುಗ

ನಿಮ್ಮ ಮಾತು ಸರಿ ಐತೆ ಸರ್, ಪಾಠ ನಿಲ್ಲಬಾರ್ದು ಅಂತ ನಿನ್ನೇನೇ ಅದನ್ನ ಹಾಕ್ಕೊಂಡು ಹುಡುಗ್ರಿಗೆ ತೋರ್ಸಿದೀನಿ. ಆದ್ರೂ ಇದನ್ನ ಬಿಡೋಕೆ ಮನಸ್ಸಾಗ್ತಿಲ್ಲ. ನಮ್ಮನೇದು ಮಂಡಕ್ಕಿ ಭಟ್ಟಿ. ಮಂಡಕ್ಕಿ ಅಂಗಡೀಲಿ ಸೇರಿನ ಲೆಕ್ಕದಲ್ಲಿ ಎಲ್ರೂ ತಗೋತಾರೆ, ಆದ್ರೆ ಅಕ್ಕಿ ಯಾವುದು, ಉಪ್ಪು ನೀರು ಎಷ್ಟು ಹಿಡಿದೈತೆ, ಮರಳು ಎಷ್ಟು ಕಾದೈತೆ ಅನ್ನೋದು ಭಟ್ಟಿ ಮುಂದೆ ನಿಂತವ್ರಿಗೇ ಗೊತ್ತು. ಎರಡು ವರ್ಷದಿಂದ ದಿನಾ ಕಂಪೈಲರ್ ಬಳಸ್ತಿದೀನಿ, ಒಂದ್ಸಲ ಭಟ್ಟಿ ಮುಂದೆ ನಿಲ್ಬೇಕು ಅನ್ನಿಸ್ತು.

ಅಕ್ಕಾ ನೀವು ಹೇಳಿದಂಗೆ ಬೇರೆ ಫೋಲ್ಡರ್ ಮಾಡಿ ಜೆ2 ಕೊಟ್ಟೆ. ಕಿಲ್ಡ್ ಬಂದಿಲ್ಲ ಇಲ್ಲೀವರೆಗೂ. ಒಂದು ಡೌಟು, ಔಟ್‌ಪುಟ್ ನೋಡ್ತಿದ್ರೆ ಸ್ಟೇಜ್ 1 ಅಂತ ಬರುತ್ತೆ, ಅದೇ ಫೈಲ್‌ಗಳು ಸ್ಟೇಜ್ 2ರಲ್ಲಿ ಮತ್ತೆ ಕಂಪೈಲ್ ಆಗ್ತಾವೆ. ಮಾಡಿದ್ದನ್ನೇ ಯಾಕೆ ಮಾಡುತ್ತೆ?

ಹಳೇ_ಟರ್ಮಿನಲ್

ಇದಕ್ಕೆ ನಾನು ಉತ್ತರ ಕೊಡ್ತೀನಪ್ಪ. ರಿಟೈರ್ ಆಗಿದೀನಿ, ವಿದ್ಯಾನಗರದಲ್ಲಿ ಇರೋದು, ಈ ವಿಷಯ ಅಂದ್ರೆ ನನಗೆ ಇವತ್ತಿಗೂ ಹೊಟ್ಟೆ ತುಂಬಿದಂಗಾಗುತ್ತೆ.

ಮನೇಲಿ ಮೊಸರು ಹೆಂಗಾಗುತ್ತೆ? ಹಾಲಿಗೆ ನಿನ್ನೆ ಮೊಸರು ಒಂದು ಚಮಚ ಹೆಪ್ಪು ಹಾಕ್ತಾರೆ. ಕಂಪೈಲರ್ರೂ ಹಂಗೇ, ಸೋರ್ಸ್ ಕೋಡ್ ಅನ್ನೋದು ಹಾಲು, ಅದನ್ನ ಕಂಪೈಲರ್ ಮಾಡೋಕೆ ಮೊದಲೇ ಒಂದು ಕಂಪೈಲರ್ ಬೇಕು. ನಿನ್ನ ಲ್ಯಾಬಲ್ಲಿರೋ 7.5 ನಿನ್ನ ಹೆಪ್ಪು. ಸ್ಟೇಜ್ 1 ಅಂದ್ರೆ 14ರ ಸೋರ್ಸನ್ನ 7.5ರಿಂದ ಕಟ್ಟಿದ್ದು. ಅದು 14ರ ಥರಾನೇ ಕೆಲಸ ಮಾಡುತ್ತೆ, ಆದ್ರೆ ಅದರ ಮೈಯಲ್ಲಿರೋ ಮಷೀನ್ ಕೋಡ್ ಬರೆದಿದ್ದು 7.5. ಹಾಗಾಗಿ ಸ್ಟೇಜ್ 1ನ್ನ ಹೆಪ್ಪು ಮಾಡಿ ಅದೇ ಸೋರ್ಸಿಂದ ಸ್ಟೇಜ್ 2 ಕಟ್ತಾರೆ, ಈಗ 14ನ್ನ 14ರಿಂದಲೇ ಕಟ್ಟಿದಂಗಾಯ್ತು. ಆಮೇಲೆ ಸ್ಟೇಜ್ 2ರಿಂದ ಸ್ಟೇಜ್ 3. ಈ 2 ಮತ್ತೆ 3ರ (ಕಂಪೈಲ್ ಆಗಿ ಬಂದ) ಆಬ್ಜೆಕ್ಟ್ ಫೈಲ್‌ಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸುತ್ತೆ. ಎರಡೂ 14ರ ಕೈಯಲ್ಲೇ ಆದದ್ದು, ಸೋರ್ಸ್ ಒಂದೇ, ಅಂದ್ಮೇಲೆ ಒಂದೇ ಥರ ಇರ್ಲೇಬೇಕು. ವ್ಯತ್ಯಾಸ ಬಂದ್ರೆ ಬೂಟ್‌ಸ್ಟ್ರ್ಯಾಪ್ ಕಂಪ್ಯಾರಿಸನ್ ಫೇಲ್ಯೂರ್ ಅಂತ ಅಲ್ಲಿಗೇ ನಿಲ್ಲಿಸುತ್ತೆ. ಹೊಸ ಕಂಪೈಲರ್ ತನ್ನನ್ನೇ ಎರಡು ಸಲ ಕಟ್ಕೊಂಡು ಪರೀಕ್ಷೆ ಬರೆದಂಗೆ. ಹೊತ್ತು ಉಳಿಸ್ಬೇಕು ಅಂದ್ರೆ ಡಿಸೇಬಲ್ ಬೂಟ್‌ಸ್ಟ್ರ್ಯಾಪ್ ಕೊಡ್ಬೋದು, ಒಂದೇ ಸಲ ಕಟ್ಟಿ ಮುಗಿಸುತ್ತೆ. ನೀನು ಮೊದಲನೇ ಸಲ ಮಾಡ್ತಿದೀಯ, ಪೂರ್ತಿನೇ ಮಾಡು.

ಸ್ಟಾಲ್ಮನ್ 1987ರಲ್ಲಿ ಮೊದಲು ಜಿಸಿಸಿ ಬಿಟ್ಟಾಗ ಅದು ಸಿ ಭಾಷೇಲಿತ್ತು, ಹೆಪ್ಪಿಗೆ ಯಾವುದೋ ಒಂದು ಸಿ ಕಂಪೈಲರ್ ಇದ್ರೆ ಸಾಕಾಗಿತ್ತು. 2013ರ 4.8ರಿಂದ ಹೆಪ್ಪಿಗೂ ಸಿ++ ಕಂಪೈಲರ್ರೇ ಬೇಕು. ಗೋ ಭಾಷೇದೂ ಇದೇ ಕಥೆ, 1.4ರ ತನಕ ಅದರ ಕಂಪೈಲರ್ ಸಿನಲ್ಲಿತ್ತು, 2015ರ 1.5ರಲ್ಲಿ ಗೋಗೇ ಬಂತು, ಈಗ ಹೊಸ ಗೋ ಕಟ್ಟೋಕೆ ಸ್ವಲ್ಪ ಹಳೇ ಗೋ ಬೇಕು. ರಸ್ಟ್‌ನ ಮೊದಲ ಕಂಪೈಲರ್ ಓಕ್ಯಾಮಲ್‌ನಲ್ಲಿತ್ತು.

ಕೋಟೆಬಾಗಿಲು

ಸರ್, ಹೆಪ್ಪಿನ ಮಾತು ತೆಗೆದ್ರಲ್ಲ, ಕೆಟ್ಟ ಹೆಪ್ಪಿನ ವಿಷಯಾನೂ ಹೇಳ್ಬಿಡಿ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಅದನ್ನ ಓದಿ ಎರಡು ದಿನ ತಲೇಲಿ ಅದೇ ಓಡ್ತಿತ್ತು.

ಹಳೇ_ಟರ್ಮಿನಲ್

ಹೇಳ್ತೀನಮ್ಮ. ಯುನಿಕ್ಸ್ ಮಾಡಿದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇಬ್ರಿಗೂ 1983ರ ಟ್ಯೂರಿಂಗ್ ಪ್ರಶಸ್ತಿ ಬಂತು. ಥಾಂಪ್ಸನ್ ಆಗ ಮಾಡಿದ ಭಾಷಣ 1984ರಲ್ಲಿ ಅಚ್ಚಾಯ್ತು, ವಿಷಯ ಇದೇ. ಕಂಪೈಲರ್ ಒಳಗೆ ಒಂದು ಕಳ್ಳ ಕೋಡ್ ಸೇರಿಸೋದು, ಅದು ಲಾಗಿನ್ ಪ್ರೋಗ್ರಾಮ್ ಕಂಪೈಲ್ ಆಗೋವಾಗ ಹಿಂಬಾಗಿಲು ಇಡುತ್ತೆ, ಕಂಪೈಲರ್ರೇ ಕಂಪೈಲ್ ಆಗೋವಾಗ ತನ್ನನ್ನ ಹೊಸ ಕಂಪೈಲರ್‌ಗೂ ಸೇರಿಸುತ್ತೆ. ಆಮೇಲೆ ಸೋರ್ಸಿಂದ ಆ ಕಳ್ಳ ಸಾಲುಗಳನ್ನ ಅಳಿಸಿಬಿಟ್ರೂ ಪರವಾಗಿಲ್ಲ, ಹೆಪ್ಪಿನಲ್ಲಿ ಐತಲ್ಲ, ಮುಂದಿನ ಮೊಸರಿಗೂ ಅದೇ ಹುಳಿ. ಸೋರ್ಸ್ ಎಷ್ಟು ಸಲ ಓದಿದ್ರೂ ಸಿಗಲ್ಲ. ಮೂರು ಸ್ಟೇಜ್ ಹೋಲಿಕೇಲೂ ಸಿಗಲ್ಲ, ಯಾಕಂದ್ರೆ 2 ಮತ್ತೆ 3 ಎರಡರಲ್ಲೂ ಅದು ಒಂದೇ ಥರ ಕೂತಿರುತ್ತೆ.

ಭಟ್ಟಿಮನೆ_ಹುಡುಗ

ಹಂಗಾದ್ರೆ ಮೊಟ್ಟಮೊದಲ ಹೆಪ್ಪು ಎಲ್ಲಿಂದ ತರೋದು ಸರ್?

ಹಳೇ_ಟರ್ಮಿನಲ್

ಹೆಪ್ಪು ಇಲ್ದಾಗ ನಿಮ್ಮಜ್ಜಿ ಏನ್ಮಾಡ್ತಿದ್ರು ಕೇಳು. ಬೆಚ್ಚಗಿನ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿ ಇಡ್ತಿದ್ರು, ಅದರಿಂದ ತೆಳ್ಳಗೆ ಒಂದು ಮೊಸರಾಗುತ್ತೆ, ಅದನ್ನ ಹೆಪ್ಪು ಮಾಡಿ ಮಾರನೇ ದಿನ ಗಟ್ಟಿ ಮೊಸರು. ಗೀಕ್ಸ್ ಅನ್ನೋ ಲಿನಕ್ಸ್ ತಂಡದವರು 2023ರಲ್ಲಿ ಇದನ್ನ ಮಾಡಿ ತೋರಿಸಿದ್ರು. ಶುರು ಮಾಡೋದು ಬರೀ 357 ಬೈಟ್‌ನ ಒಂದು ಪ್ರೋಗ್ರಾಮಿಂದ, ಅಷ್ಟು ಚಿಕ್ಕದು ಅಂದ್ರೆ ಮನುಷ್ಯ ಕೂತು ಬೈಟ್ ಬೈಟ್ ಓದಿ ಪರೀಕ್ಷೆ ಮಾಡ್ಬೋದು. ಅದರಿಂದ ಸ್ವಲ್ಪ ದೊಡ್ಡ ಅಸೆಂಬ್ಲರ್, ಅದರಿಂದ ಮೆಸ್ ಅನ್ನೋ ಪುಟ್ಟ ಸಿ ಕಂಪೈಲರ್, ಅದರಿಂದ ಟೈನಿ ಸಿಸಿ, ಅಲ್ಲಿಂದ ಹಳೇ ಜಿಸಿಸಿ, ಅದರ ಮೇಲೆ ಹೊಸ ಜಿಸಿಸಿ. ಆ 357 ಬೈಟೇ ಮೆಣಸಿನಕಾಯಿ ತೊಟ್ಟು.

ಭಟ್ಟಿಮನೆ_ಹುಡುಗ

ಇದನ್ನ ಅಮ್ಮಂಗೆ ಓದಿ ಹೇಳಿದೆ ಸರ್, ಹುಣಸೆಹಣ್ಣು ಹಾಕಿದ್ರೂ ಆಗುತ್ತೆ ಅಂದ್ರು.

ಆದ್ರೆ ಬಿಲ್ಡ್ ಮತ್ತೆ ಕೈ ಕೊಟ್ಟೈತೆ. ಸ್ಟೇಜ್ 2 ಅರ್ಧ ಆಗಿತ್ತು, ಮಧ್ಯಾಹ್ನ ಕರೆಂಟ್ ಹೋಯ್ತು, ಲ್ಯಾಬ್ ಯುಪಿಎಸ್ ಹತ್ತು ನಿಮಿಷ ತಡೀತು ಅಷ್ಟೇ. ಕರೆಂಟ್ ಬಂದ್ಮೇಲೆ ಮೇಕ್ ಕೊಟ್ಟೆ, ಬಿಟ್ಟಲ್ಲಿಂದ ಮುಂದುವರಿಯೋ ಬದ್ಲು ಸ್ಟೇಜ್ 1ರಿಂದ ಶುರುವಾಯ್ತು. ಒಂದು ಗಂಟೆ ಬಿಟ್ಟು ನಾನೇ ನಿಲ್ಲಿಸಿ ಮತ್ತೆ ಮೇಕ್ ಕೊಟ್ಟು ನೋಡಿದೆ, ಆಗ್ತಾನೇ ಮಾಡಿದ ಫೈಲ್‌ಗಳನ್ನೂ ಮತ್ತೆ ಮಾಡ್ತೈತೆ. ಮಧ್ಯ ಮಧ್ಯ ವಾರ್ನಿಂಗ್ ಬರುತ್ತೆ, ಫೈಲ್ ಹ್ಯಾಸ್ ಮಾಡಿಫಿಕೇಶನ್ ಟೈಮ್ ಇನ್ ದ ಫ್ಯೂಚರ್ ಅಂತ. ಜೊತೆಗೆ ಬ್ರೌಸರಲ್ಲಿ ಯಾವ ಸೈಟೂ ಓಪನ್ ಆಗ್ತಿಲ್ಲ, ಸರ್ಟಿಫಿಕೇಟ್ ಸರಿಯಿಲ್ಲ ಅಂತೈತೆ, ಅದು ಕಾಲೇಜ್ ನೆಟ್ ಪ್ರಾಬ್ಲಮ್ ಇರ್ಬೇಕು.

ಕೋಟೆಬಾಗಿಲು

ನೆಟ್ ಪ್ರಾಬ್ಲಮ್ ಅಲ್ಲ ತಮ್ಮಾ, ಎರಡೂ ಒಂದೇ ರೋಗ. ಟರ್ಮಿನಲಲ್ಲಿ ಡೇಟ್ ಅಂತ ಹೊಡೆದು ಏನು ಬರುತ್ತೆ ಹೇಳು.

ಭಟ್ಟಿಮನೆ_ಹುಡುಗ

2015, ಜನವರಿ 1, ಬೆಳಿಗ್ಗೆ 1:52.

ಕೋಟೆಬಾಗಿಲು

ಸಿಕ್ತು. ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಒಂದು ಸೆಲ್ ಇರುತ್ತೆ, ಸಿಆರ್2032, ಕರೆಂಟ್ ಇಲ್ದಾಗ ಗಡಿಯಾರ ಓಡ್ಸೋದು ಅದೇ. ಅದು ಸತ್ತಿದೆ. ಕರೆಂಟ್ ಹೋದಾಗೆಲ್ಲಾ ಮಷೀನ್ 2015ಕ್ಕೆ ಹೋಗ್ತೈತೆ. ಬ್ರೌಸರ್ ಪ್ರಕಾರ ಇವತ್ತಿನ ಸರ್ಟಿಫಿಕೇಟ್‌ಗಳು ಇನ್ನೂ ಹುಟ್ಟೇ ಇಲ್ಲ, ಅದಕ್ಕೇ ಸೈಟ್ ತೆಗೀತಿಲ್ಲ.

ಈಗ ಮೇಕ್ ಕಣ್ಣಿಂದ ನೋಡು. ಮೇಕ್‌ಗೆ ಫೈಲ್ ಒಳಗೆ ಏನೈತೆ ಗೊತ್ತಿಲ್ಲ, ಅದು ನೋಡೋದು ಬರೀ ಟೈಮು. ಸೋರ್ಸ್ ಫೈಲ್ ಆಬ್ಜೆಕ್ಟ್ ಫೈಲ್‌ಗಿಂತ ಹೊಸದಾ? ಹೊಸದಾದ್ರೆ ಮತ್ತೆ ಕಂಪೈಲ್. ಟಾರ್ ಬಿಚ್ಚಿದಾಗ ಸೋರ್ಸ್ ಫೈಲ್‌ಗಳಿಗೆ ಅದರಲ್ಲಿದ್ದ 2024ರ ತಾರೀಕೇ ಉಳಿದಿದೆ. ನೀನು ಈಗ ಮಾಡ್ತಿರೋ ಆಬ್ಜೆಕ್ಟ್‌ಗೆ 2015ರ ತಾರೀಕು ಬೀಳ್ತೈತೆ. ಮಾಡಿದ ಕ್ಷಣದಲ್ಲೇ ಅದು ಒಂಬತ್ತು ವರ್ಷ ಹಳೇದು. ಎಷ್ಟು ಸಲ ಮಾಡಿದ್ರೂ ಮೇಕ್ ಲೆಕ್ಕದಲ್ಲಿ ಅದು ಹಳೇದೇ. ಪಾಪ ಅದು ಸರಿಯಾಗೇ ಕೆಲಸ ಮಾಡ್ತೈತೆ.

ತಾರೀಕು ಸರಿ ಮಾಡೋಕೆ ರೂಟ್ ಬೇಕು. ಲ್ಯಾಬ್ ನೋಡ್ಕೊಳೋ ಅಣ್ಣನ ಹತ್ರ ಹೋಗಿ ವಿಷಯ ಬಿಡಿಸಿ ಹೇಳು, ಸೆಲ್ ಹಾಕ್ಸು. ಆಮೇಲೆ ಈಗಿನ ಬಿಲ್ಡ್ ಫೋಲ್ಡರ್ ಅಳಿಸು, ಅದರಲ್ಲಿ 2015ರದ್ದೂ ಇವತ್ತಿನದ್ದೂ ಕಲಸಿಹೋಗಿದೆ, ಜೊತೆಗೆ ಕರೆಂಟ್ ಹೋದ ಕ್ಷಣದಲ್ಲಿ ಬರೀತಿದ್ದ ಆಬ್ಜೆಕ್ಟ್ ಫೈಲ್ ಸೊನ್ನೆ ಬೈಟ್ ಆಗಿ ಉಳಿದಿರ್ಬೋದು. ಸೋರ್ಸ್ ಹಂಗೇ ಇರ್ಲಿ, ಅದಕ್ಕೇ ನಾನು ಎರಡು ಫೋಲ್ಡರ್ ಬೇರೆ ಬೇರೆ ಇಡು ಅಂದಿದ್ದು.

ಪಿಬಿರೋಡ್_ಕೋಡರ್

ಅಕ್ಕಾ ಇದು ನನಗೆ ಹೊಳೀತಾನೇ ಇರ್ಲಿಲ್ಲ. ನಾನಾಗಿದ್ರೆ ಡಿಸ್ಕ್ ಹೋಗೈತೆ ಅಂತಿದ್ದೆ.

ಭಟ್ಟಿಮನೆ_ಹುಡುಗ

ನಾಲ್ಕು ದಿನ ಆದ್ಮೇಲೆ ಬರೀತಿದೀನಿ. ಲ್ಯಾಬ್ ಅಣ್ಣಂಗೆ ಹೇಳಿದೆ, ಅವ್ರೂ ಈ ಮಷೀನ್ ದಿನಾ ಬೆಳಿಗ್ಗೆ ತಾರೀಕು ತಪ್ಪು ತೋರಿಸುತ್ತೆ ಅಂತ ಕೈಯಲ್ಲೇ ಸರಿ ಮಾಡ್ತಿದ್ರಂತೆ, ಕಾರಣ ಗೊತ್ತಿರ್ಲಿಲ್ಲ. ಇಬ್ರೂ ಕೂತು ಕ್ಯಾಬಿನೆಟ್ ಬಿಚ್ಚಿದ್ವಿ. ಸೆಲ್ ಮೇಲೆ ಧೂಳು ಹತ್ತಿ ಥರ ಕೂತಿತ್ತು. ಅವ್ರು ಬೆರಳ ತುದೀಲಿ ಕ್ಲಿಪ್ ಒತ್ತಿ ತೆಗೆದು ಮೀಟರ್ ಹಿಡಿದ್ರು, 3 ವೋಲ್ಟ್ ಇರ್ಬೇಕಾದ್ದು ಒಂದೂವರೆನೂ ಇರ್ಲಿಲ್ಲ. ಹೊಸದು ನಾನೇ ಅಶೋಕ ರೋಡಿಂದ ತಂದೆ. ಪಕ್ಕದ ಇನ್ನೆರಡು ಮಷೀನಿಗೂ ಅದೇ ಆಗಿತ್ತು, ಅವಕ್ಕೂ ಹಾಕಿದ್ರು.

ಶನಿವಾರ ಬೆಳಿಗ್ಗೆ ಶುರು ಮಾಡಿದೆ, ಜೆ2. ಮಧ್ಯ ಒಂದ್ಸಲ ಕರೆಂಟ್ ಹೋಯ್ತು. ಬಂದ್ಮೇಲೆ ಸೊನ್ನೆ ಬೈಟ್ ಫೈಲ್ ಹುಡುಕಿದೆ, ಎರಡಿತ್ತು, ಅಳಿಸಿ ಮೇಕ್ ಕೊಟ್ಟೆ, ಬಿಟ್ಟಲ್ಲಿಂದಲೇ ಹಿಡ್ಕೊಂಡು ಹೋಯ್ತು. ಸಂಜೆ ಆರು ಗಂಟೆ ಹೊತ್ತಿಗೆ ಕಂಪ್ಯಾರಿಸನ್ ಸಕ್ಸೆಸ್‌ಫುಲ್ ಅಂತ ಬಂತು. ಲ್ಯಾಬ್ ಅಣ್ಣ ಬೀಗ ಹಾಕೋಕೆ ಬಂದೋರು ನನ್ನ ಜೊತೆ ನಿಂತ್ಕೊಂಡು ಆ ಸಾಲು ನೋಡಿದ್ರು. ಇನ್‌ಸ್ಟಾಲ್ ಮಾಡಿ ವರ್ಷನ್ ಕೇಳಿದೆ, 14.2.0 ಅಂತು.

ಇನ್ನೊಂದೇ ಒಂದು ಉಳಿದೈತೆ. ಹೊಸ ಜಿ++ನಲ್ಲಿ ಕಂಪೈಲ್ ಆಗುತ್ತೆ, ಓಡ್ಸಿದ್ರೆ ಗ್ಲಿಬ್‌ಸಿಎಕ್ಸ್‌ಎಕ್ಸ್ 3.4.32 ನಾಟ್ ಫೌಂಡ್ ಅಂತೈತೆ.

ಪಿಬಿರೋಡ್_ಕೋಡರ್

ಇದು ನನಗೆ ಗೊತ್ತು, ನಾನೂ ಇಲ್ಲೇ ಸಿಕ್ಕಾಕ್ಕೊಂಡಿದ್ದೆ. ಕಂಪೈಲರ್ ಹೊಸದು, ಆದ್ರೆ ಪ್ರೋಗ್ರಾಮ್ ಓಡೋವಾಗ ಸಿಸ್ಟಮ್ ಹಳೇ ಲಿಬ್‌ಎಸ್‌ಟಿಡಿಸಿ++ನ (ಸಿ++ನ ಸ್ಟ್ಯಾಂಡರ್ಡ್ ಲೈಬ್ರರಿ) ಎತ್ಕೊಂಡು ಬರ್ತೈತೆ, ಎಲ್‌ಡಿಡಿ ಕೊಟ್ಟು ನೋಡು ಯಾವ ದಾರಿ ಅಂತ ತೋರ್ಸುತ್ತೆ. ನಿಂದು ನಿನ್ನ ಪ್ರಿಫಿಕ್ಸ್ ಒಳಗೆ ಲಿಬ್64 ಅನ್ನೋ ಫೋಲ್ಡರಲ್ಲಿ ಐತೆ. ಎಲ್‌ಡಿ ಲೈಬ್ರರಿ ಪಾತ್‌ಗೆ ಆ ದಾರಿ ಹಾಕಿದ್ರೆ ನಡೆಯುತ್ತೆ, ಆದ್ರೆ ಅದು ಆ ಟರ್ಮಿನಲಿಂದ ಓಡೋ ಎಲ್ಲಾ ಪ್ರೋಗ್ರಾಮ್‌ಗೂ ತಗಲುತ್ತೆ. ಕಂಪೈಲ್ ಮಾಡೋವಾಗಲೇ ಲಿಂಕರ್‌ಗೆ ಆರ್‌ಪಾತ್ ಅಂತ ಆ ದಾರಿ ಕೊಡು, ಪ್ರೋಗ್ರಾಮ್ ಒಳಗೇ ಬರೆದುಕೊಳ್ಳುತ್ತೆ. ಯಾವ ಕಾರಣಕ್ಕೂ ಸಿಸ್ಟಮ್‌ನ ಹಳೇ ಲೈಬ್ರರಿ ಮೇಲೆ ಹೊಸದನ್ನ ಕಾಪಿ ಮಾಡ್ಸಬೇಡ.

ಭಟ್ಟಿಮನೆ_ಹುಡುಗ

ಆರ್‌ಪಾತ್ ಕೊಟ್ಟೆ ಅಣ್ಣ, ಓಡ್ತು. ಇವತ್ತು ಸಂಜೆ ಹುಡುಗ್ರಿಗೆ ತೋರ್ಸಿದೆ. ಆ ಹುಡುಗೀನೇ ಬರೆದ್ಲು: ಮೊತ್ತ, ಸರಾಸರಿ, ಅಂಕ, ಮೂರು ವೇರಿಯಬಲ್ಲು, ಐದು ಸಬ್ಜೆಕ್ಟ್ ಕೂಡಿ ಭಾಗಿಸೋದು. ಮೊದಲನೇ ಸಲಕ್ಕೇ ಸರಿ ಬಂತು. ಇಂಟು ಫಾರು ಎಲ್ಲಾ ಇಂಗ್ಲಿಷೇ, ಆದ್ರೂ ಅವಳು ಯಾವ ಹೆಸ್ರು ನಮ್ಮದು ಯಾವುದು ಭಾಷೇದು ಅಂತ ತಾನೇ ಬೇರೆ ಮಾಡಿ ತೋರ್ಸಿದ್ಲು. ಇದನ್ನ ಎರಡು ತಿಂಗಳಿಂದ ನಾನು ಬಾಯಲ್ಲಿ ಹೇಳ್ತಿದ್ದೆ, ಯಾರಿಗೂ ಹತ್ತಿರ್ಲಿಲ್ಲ.

ಇನ್ನೊಬ್ಬ ಹುಡುಗ "ಮಾರ್ಕ್ಸ್‌ಗಳು" ಅಂತ ಬರೆದ, ಅದಕ್ಕೆ ಮಾತ್ರ ಎರರ್ ಬಂತು. ಪದ ನೋಡೋಕೆ ಸರಿಯಾಗೇ ಐತೆ.

ಕೋಟೆಬಾಗಿಲು

"ಮಾರ್ಕ್ಸ್" ಆದ್ಮೇಲೆ "ಗಳು" ಒತ್ತಕ್ಷರ ಆಗ್ದೇ ಇರ್ಲಿ ಅಂತ ಕೀಬೋರ್ಡು ಮಧ್ಯ ಒಂದು ಕಾಣದ ಅಕ್ಷರ ಇಡುತ್ತೆ, ಕನ್ನಡ ಟೈಪ್ ಮಾಡೋರೆಲ್ಲಾ ದಿನಾ ಬಳಸ್ತೀವಿ, ಕಣ್ಣಿಗೆ ಬೀಳಲ್ಲ. ಈಗಿನ ಸಿ++ ನಿಯಮದ ಪ್ರಕಾರ ಹೆಸರಿನೊಳಗೆ ಅದಕ್ಕೆ ಜಾಗ ಇಲ್ಲ. ಹುಡುಗಂಗೆ "ಅಂಕಗಳು" ಅಂತ ಬರೆಯೋಕೆ ಹೇಳು. ಆ ಕಾಣದ ಅಕ್ಷರಾನ ಹೆಕ್ಸ್‌ಡಂಪಲ್ಲಿ (ಫೈಲಿನ ಬೈಟುಗಳನ್ನ ತೋರ್ಸೋ ಪ್ರೋಗ್ರಾಮ್) ಒಂದ್ಸಲ ತೆಗೆದು ತೋರ್ಸು, ಮೂರು ಬೈಟು, ಇ2 80 8ಸಿ.

ಭಟ್ಟಿಮನೆ_ಹುಡುಗ

ನಾಳೆ ಸಂಜೆ ಪಾಠ ಅದೇ ಇಟ್ಕೊತೀನಿ ಅಕ್ಕ. ಲ್ಯಾಬ್ ಅಣ್ಣನೂ ಬರ್ತೀನಿ ಅಂದಿದಾರೆ.